ನೆತ್ತಿಯ ಕಿಟಕಿಯಲ್ಲಿ ಕಾಣುವ ಮಿದುಳು

ಎಳೆಕೂಸಿನ ನೆತ್ತಿಯನ್ನು ಮೆಲ್ಲಗೆ ಮುಟ್ಟಿ ನೋಡಿದ್ದೀರಾ? ಹಣೆಯಿಂದ ಸ್ವಲ್ಪ ಮೇಲೆ ಎಲುಬಿಲ್ಲದ ಮೆತ್ತನೆಯ ಜಾಗವೊಂದು ಸಿಗುತ್ತದೆ. ನಾಡಿಯಂತೆ ಅದು ಮಿಡಿಯುವುದೂ ಉಂಟು. ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ಕಡೆಯ ಅಜ್ಜಿಯಂದಿರು ಕೂಸಿಗೆ ಎರೆಯುವ ಮುಂಚೆ ಅಲ್ಲಿ ಔಡಲ ಎಣ್ಣೆ ಹಚ್ಚುತ್ತಾರೆ. ‘ನೆತ್ತಿ ಇನ್ನೂ ಕೂಡಿಲ್ಲ, ಜ್ವಾಕಿ’ ಎಂದು ಎತ್ತಿಕೊಳ್ಳುವವರನ್ನು ಎಚ್ಚರಿಸುತ್ತಾರೆ. ವೈದ್ಯರಿಗೆ ಇದೇ ಜಾಗ ಒಂದು ಕಿಟಕಿ. ದಿನ ತುಂಬುವ ಮೊದಲೇ ಹುಟ್ಟಿದ ಕೂಸಿನ ಮಿದುಳು ಹೇಗೆ ಬೆಳೆಯುತ್ತಿದೆ ಎಂಬುದನ್ನು ಅವರು ಈ ಕಿಟಕಿಯಿಂದ ನೋಡುತ್ತಾರೆ.

ಕೂಸು ಗರ್ಭದಲ್ಲಿ ಸುಮಾರು 40 ವಾರ ಇರಬೇಕು. 37 ವಾರ ತುಂಬುವ ಮೊದಲೇ ಹುಟ್ಟಿದರೆ ಅದು ಅವಧಿಪೂರ್ವ ಶಿಶು. ‘ಏಳರಾಗ ಹುಟ್ಟಿದ್ದು ಉಳೀತೈತಿ, ಎಂಟರಾಗ ಹುಟ್ಟಿದ್ದು ಉಳಿಯೂದಿಲ್ಲ’ ಎಂಬ ಮಾತು ನಮ್ಮಲ್ಲಿ ಇನ್ನೂ ಕೇಳಿಬರುತ್ತದೆ. ಅದು ನಿಜವಲ್ಲ. ಗರ್ಭದಲ್ಲಿ ಕಳೆದ ಒಂದೊಂದು ವಾರವೂ ಕೂಸಿಗೆ ಲಾಭವೇ. 24ನೇ ವಾರದಲ್ಲಿ ಮಿದುಳಿನ ಮೇಲ್ಮೈ ಬಹುಪಾಲು ನುಣುಪಾಗಿರುತ್ತದೆ. 40ನೇ ವಾರಕ್ಕೆ ಅದು ಅಕ್ರೋಟಿನ ತಿರುಳಿನಂತೆ ಮಡಿಕೆ ಮಡಿಕೆಯಾಗುತ್ತದೆ. 35ನೇ ವಾರದಲ್ಲಿ ಕೂಡ ಮಿದುಳಿನ ತೂಕ ದಿನ ತುಂಬಿದ ಕೂಸಿನ ಮಿದುಳಿನ ಮೂರರಲ್ಲಿ ಎರಡು ಪಾಲಿನಷ್ಟೇ. ಏಳನೇ ತಿಂಗಳಲ್ಲಿ ಹುಟ್ಟಿದ ಕೂಸು ಉಳಿದ ಬೆಳವಣಿಗೆಯನ್ನೆಲ್ಲ ಹೊರಗೆ, ಆಸ್ಪತ್ರೆಯ ಬೆಚ್ಚನೆಯ ಹಾಸಿಗೆಯಲ್ಲಿ, ತಾಯಿಯ ಎದೆಯ ಮೇಲೆ ಮುಗಿಸಬೇಕು.

ನೋಡುವುದು ಶಬ್ದದಿಂದ

ಬಾವಲಿ ಕತ್ತಲಲ್ಲಿ ಶಬ್ದ ಹೊರಡಿಸಿ, ಅದರ ಮಾರ್ದನಿ ಕೇಳಿ ದಾರಿ ಕಂಡುಕೊಳ್ಳುವುದು ನಿಮಗೆ ಗೊತ್ತು. ಅಲ್ಟ್ರಾಸೌಂಡ್ ಯಂತ್ರ ಮಾಡುವುದೂ ಅದನ್ನೇ. ನಮ್ಮ ಕಿವಿಗೆ ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗಿನ ಶಬ್ದ ಕೇಳುತ್ತದೆ. ಕೂಸಿನ ತಲೆಗೆ ಬಳಸುವ ಶಬ್ದದಲ್ಲಿ ಸೆಕೆಂಡಿಗೆ 50 ಲಕ್ಷದಿಂದ 1 ಕೋಟಿ ಕಂಪನಗಳು! ಈ ಶಬ್ದ ಎಲುಬನ್ನು ಸುಲಭವಾಗಿ ದಾಟದು. ನೆತ್ತಿಯ ಮೆತ್ತನೆಯ ಜಾಗದಿಂದ ಒಳಹೊಕ್ಕು, ಬೇರೆ ಬೇರೆ ಭಾಗಗಳಿಗೆ ತಾಗಿ ಮರಳುತ್ತದೆ. ಮರಳಿದ ಶಬ್ದವೇ ಪರದೆಯ ಮೇಲೆ ಚಿತ್ರವಾಗುತ್ತದೆ.

ಗರ್ಭಿಣಿಯರಿಗೆ ಮಾಡುವ ಸ್ಕ್ಯಾನಿಂಗ್ ಕೂಡ ಇದೇ ಬಗೆಯದು. ಎಕ್ಸ್-ರೇಯಂತೆ ವಿಕಿರಣವಿಲ್ಲ, ಸೂಜಿ ಇಲ್ಲ, ಮತ್ತು ಬರಿಸಬೇಕಿಲ್ಲ. ಯಂತ್ರವನ್ನೇ ಕೂಸಿನ ಬಳಿ ತಳ್ಳಿಕೊಂಡು ಬಂದು, ನೆತ್ತಿಗೆ ಸ್ವಲ್ಪ ಜೆಲ್ ಹಚ್ಚಿ ನೋಡುತ್ತಾರೆ.

ಏನನ್ನು ನೋಡುತ್ತಾರೆ?

ಅವಧಿಪೂರ್ವ ಶಿಶುವಿನ ಮಿದುಳಿನ ಒಳಗಿನ ರಕ್ತನಾಳಗಳು ಬಲು ನಾಜೂಕು. ಅವು ಒಡೆದು ರಕ್ತ ಸೋರುವ ಭಯ ಮೊದಲ ಮೂರು ದಿನಗಳಲ್ಲಿ ಹೆಚ್ಚು. ಆದ್ದರಿಂದ ಮೊದಲ ವಾರದಲ್ಲೇ ಒಂದು ಸ್ಕ್ಯಾನ್ ಮಾಡುತ್ತಾರೆ. 32 ವಾರಕ್ಕೆ ಮೊದಲು ಹುಟ್ಟಿದ ಅಥವಾ ಒಂದೂವರೆ ಕಿಲೋಗಿಂತ ಕಡಿಮೆ ತೂಗುವ ಕೂಸುಗಳಿಗೆ ಇದು ಮುಖ್ಯ. ಕೆಲವು ವಾರಗಳ ನಂತರ ಮತ್ತೊಮ್ಮೆ ನೋಡಬೇಕು. ಏಕೆಂದರೆ ಆಮ್ಲಜನಕ, ರಕ್ತ ಸಾಲದೆ ಆದ ಗಾಯ ಕೂಡಲೇ ಕಾಣುವುದಿಲ್ಲ. ಎರಡರಿಂದ ನಾಲ್ಕು ವಾರಗಳಲ್ಲಿ ಸಣ್ಣ ಗುಳ್ಳೆಗಳಂತೆ ಕಾಣಿಸಿಕೊಳ್ಳಬಹುದು.

ಮೂರನೆಯದು ಬೆಳವಣಿಗೆಯ ಅಳತೆ. ಮಿದುಳಿನೊಳಗೆ ನೀರು ತುಂಬಿದ ಕೋಣೆಗಳಿವೆ, ಅವು ಹಿಗ್ಗಿವೆಯೇ? ಎಡ-ಬಲ ಮಿದುಳನ್ನು ಜೋಡಿಸುವ ಸೇತುವೆ ಉದ್ದವಾಗಿದೆಯೇ? ಕಿರುಮಿದುಳು ಅಗಲವಾಗಿದೆಯೇ? ಮಡಿಕೆಗಳು ಮೂಡಿವೆಯೇ? ಇವನ್ನೆಲ್ಲ ಮಿಲಿಮೀಟರ್ ಲೆಕ್ಕದಲ್ಲಿ ಅಳೆದು, ಹಿಂದಿನ ಚಿತ್ರದ ಜೊತೆ ಹೋಲಿಸುತ್ತಾರೆ. ಒಂದೇ ಚಿತ್ರದಿಂದ ಬೆಳವಣಿಗೆ ತಿಳಿಯದು.

ತಪ್ಪಿಹೋಗುವ ಸ್ಕ್ಯಾನ್

ಈ ನಾಲ್ಕು ತಾಲ್ಲೂಕುಗಳಲ್ಲಿ ತೀರ ಸಣ್ಣ ಕೂಸು ಹುಟ್ಟಿದರೆ ಹಾವೇರಿಯ ಜಿಲ್ಲಾ ಆಸ್ಪತ್ರೆಗೋ ಹುಬ್ಬಳ್ಳಿಯ ಕೆಎಂಸಿಆರ್‌ಐಗೋ (ಹಿಂದಿನ ಕಿಮ್ಸ್) ಒಯ್ಯುವುದುಂಟು. ಕೂಸು ಹಾಲು ಕುಡಿದು ತೂಕ ಏರಿದ ಮೇಲೆ ಮನೆಗೆ ಕಳಿಸುತ್ತಾರೆ. ಕೊನೆಯ ಸ್ಕ್ಯಾನ್ ಆಗಬೇಕಾದದ್ದು 40 ವಾರ ತುಂಬುವ ಹೊತ್ತಿಗೆ. ಆಗ ಕೂಸು ಮನೆಯಲ್ಲಿರುತ್ತದೆ. ಕೂಸು ಚೆನ್ನಾಗಿ ಆಡುತ್ತಿದೆ, ಬಸ್ಸಿನ ಖರ್ಚು, ಒಂದು ದಿನದ ಕೂಲಿ ಏಕೆ ಕಳೆಯಬೇಕು ಎಂದು ಎಷ್ಟೋ ಮಂದಿಗೆ ಅನಿಸುತ್ತದೆ. ಆದರೆ ಮುಂದೆ ಕೈಕಾಲು ಬಿಗಿಯಾಗುವ, ನಡಿಗೆ ತಡವಾಗುವ ಸುಳಿವನ್ನು ಬೇಗ ಕೊಡಬಲ್ಲದ್ದು ಈ ಸ್ಕ್ಯಾನೇ. ತಾಯಿ ಕಾರ್ಡಿನಲ್ಲಿ ಬರೆದಿರುವ ಹೆರಿಗೆಯ ದಿನಾಂಕವನ್ನು ನೋಡಿ. ಕೂಸು ಮೊದಲೇ ಹುಟ್ಟಿದ್ದರೂ ಆ ದಿನಾಂಕ ಮರೆಯಬೇಡಿ. ಸ್ಕ್ಯಾನ್ ಯಾವಾಗ ಎಂದು ವೈದ್ಯರನ್ನು ಕೇಳಲು ಅದೇ ಗುರುತು.

ನೆತ್ತಿ ಸಾಮಾನ್ಯವಾಗಿ ಒಂದರಿಂದ ಒಂದೂವರೆ ವರ್ಷದೊಳಗೆ ಕೂಡುತ್ತದೆ. ಕಿಟಕಿ ತೆರೆದಿರುವುದು ಅಲ್ಲಿಯವರೆಗೆ ಮಾತ್ರ. ಕೂಸು ಅಳದೆ ಸುಮ್ಮನಿರುವಾಗಲೂ ನೆತ್ತಿ ಉಬ್ಬಿದ್ದರೆ, ತಲೆ ಬೇಗ ಬೇಗ ದೊಡ್ಡದಾಗುತ್ತಿದ್ದರೆ, ಪದೇ ಪದೇ ವಾಂತಿ, ಫಿಟ್ಸ್, ವಿಪರೀತ ಮಂಪರು ಕಂಡರೆ ಸ್ಕ್ಯಾನಿನ ದಿನಕ್ಕಾಗಿ ಕಾಯದೆ ಆಸ್ಪತ್ರೆಗೆ ಹೋಗಿ.

ಸ್ಕ್ಯಾನಿನಲ್ಲಿ ತೊಂದರೆ ಕಂಡರೆ ಕೂಸಿನ ಹಣೆಬರಹ ಬರೆದುಬಿಟ್ಟಂತಲ್ಲ. ಎಳೆಯ ಮಿದುಳಿಗೆ ಕಲಿಯುವ, ಹೊಂದಿಕೊಳ್ಳುವ ಶಕ್ತಿ ಹೆಚ್ಚು. ವ್ಯಾಯಾಮ, ಆಟ, ಮಾತು ಬೇಗ ಶುರುವಾದಷ್ಟೂ ಒಳ್ಳೆಯದು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಇಂಥ ಮಕ್ಕಳಿಗಾಗಿಯೂ ಇದೆ. ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನು ಕೇಳಿ. ಹಾಗೆಯೇ ಸ್ಕ್ಯಾನ್ ಸರಿಯಿದೆ ಎಂದ ಮಾತ್ರಕ್ಕೆ ತಪಾಸಣೆ ಬಿಡಬಾರದು.

ಇನ್ನೊಂದು ಮಾತು. ಎರಡು ತಿಂಗಳು ಮೊದಲೇ ಹುಟ್ಟಿದ ಕೂಸಿಗೆ ಆರು ತಿಂಗಳಾದಾಗ ಅದರ ಲೆಕ್ಕದ ವಯಸ್ಸು ನಾಲ್ಕೇ ತಿಂಗಳು. ಪಕ್ಕದ ಮನೆಯ ಆರು ತಿಂಗಳ ಕೂಸು ಕೂರಲು ಕಲಿಯುತ್ತಿದ್ದರೆ, ನಿಮ್ಮದು ಕುತ್ತಿಗೆ ನಿಲ್ಲಿಸಿ ನಿಮ್ಮನ್ನು ನೋಡಿ ನಕ್ಕರೆ ಸಂತೋಷಪಡಿ. ಅದು ತನ್ನ ಲೆಕ್ಕಕ್ಕೆ ಸರಿಯಾಗಿಯೇ ಇದೆ.