ಬೆಂಕಿಪೊಟ್ಟಣದೊಳಗಿನ ಎರಡು ರಿವೆಟ್

ಜಗಳೂರಿನ ಹಿರಿಯರೊಬ್ಬರು ಬೆಂಗಳೂರಿನ ಎಚ್‌ಎಎಲ್‌ನಲ್ಲಿ ವಿಮಾನಗಳಿಗೆ ರಿವೆಟ್ ಹೊಡೆದು ನಿವೃತ್ತರಾದವರು. ಹೋದ ವಾರ ಅವರ ಜಗಲಿಯ ಮೇಲೆ ಕೂತಿದ್ದಾಗ ಒಳಗಿಂದ ಬೆಂಕಿಪೊಟ್ಟಣ ತಂದು ನನ್ನ ಅಂಗೈಗೆ ಸುರಿದರು. ಕಡಲೆಕಾಳಿನ ಗಾತ್ರದ ಎರಡು ಅಲ್ಯೂಮಿನಿಯಂ ರಿವೆಟ್. ಒಂದರ ತಲೆ ಅಂಗಿ ಗುಂಡಿಯಂತೆ ದುಂಡಗೆ, ನುಣ್ಣಗೆ. ಇನ್ನೊಂದರ ಅಂಚು ಒಣಗಿದ ಕೆರೆಯಂಗಳದ ಹಾಗೆ ಬಿರಿದಿತ್ತು. ಸವರಿದರೆ ಉಗುರು ಸಿಕ್ಕಿಕೊಳ್ಳುತ್ತಿತ್ತು.

“ಎರಡೂ ಒಂದೇ ಲೋಹ, ಒಂದೇ ಡಬ್ಬಿದು. ಇದು ಹೊತ್ತಿಗೆ ಸರಿಯಾಗಿ ಹೊಡೆದಿದ್ದು. ಅದು ತಡ ಮಾಡಿ ಹೊಡೆದಿದ್ದು ನೋಡ್ರಿ.”

ತಡವಾದರೆ ಲೋಹಕ್ಕೇನಾಗುತ್ತದೆ? 1906ರಲ್ಲಿ ಜರ್ಮನಿಯ ಲೋಹವಿಜ್ಞಾನಿ ಆಲ್ಫ್ರೆಡ್ ವಿಲ್ಮ್‌ಗೆ ಎದುರಾದದ್ದೂ ಇದೇ ಪ್ರಶ್ನೆ. ಶೇ 4ರಷ್ಟು ತಾಮ್ರ, ಚೂರು ಮೆಗ್ನೀಸಿಯಂ ಬೆರೆಸಿದ ಅಲ್ಯೂಮಿನಿಯಂ ಅನ್ನು ಕಾಯಿಸಿ ನೀರಿಗೆ ಅದ್ದಿದ್ದ. ಮೆತ್ತಗಿದ್ದ ಲೋಹ ಎರಡು ದಿನ ಬಿಟ್ಟು ನೋಡಿದರೆ ತಾನಾಗಿಯೇ ಗಟ್ಟಿಯಾಗಿತ್ತು. ಡ್ಯುರಾಲುಮಿನ್ ಎಂಬ ಮಿಶ್ರಲೋಹ ಹುಟ್ಟಿದ್ದು ಹೀಗೆ.

ಸಕ್ಕರೆ ಪಾಕ ಮಾಡಿದವರಿಗೆ ಅರ್ಧ ವಿಷಯ ಗೊತ್ತೇ ಇದೆ. ಬಿಸಿ ನೀರಿನಲ್ಲಿ ಸಕ್ಕರೆ ಕರಗುವಂತೆ, ಸುಮಾರು 490 ಡಿಗ್ರಿ ಬಿಸಿಯಲ್ಲಿ ತಾಮ್ರ ಅಲ್ಯೂಮಿನಿಯಂನೊಳಗೆ ಪೂರ್ತಿ ಕರಗಿರುತ್ತದೆ. ತಟ್ಟನೆ ತಣಿಸಿದರೆ ಹೊರಬರಲು ಪುರುಸೊತ್ತಿಲ್ಲದೆ ಒಳಗೇ ಸಿಕ್ಕಿಬೀಳುತ್ತದೆ. ಆಮೇಲೆ ನಿಧಾನವಾಗಿ ಪರಮಾಣುಗಳು ಅಲ್ಲಲ್ಲಿ ಗುಂಪುಗೂಡುತ್ತವೆ. ಲೋಹ ಬಾಗುವುದೆಂದರೆ ಅದರೊಳಗಿನ ಪದರಗಳು ಜಾರುವುದು. ಆ ಜಾರುವಿಕೆಗೆ ಈ ಗುಂಪುಗಳು ಅಡ್ಡ. 1938ರಲ್ಲಿ ಗಿನಿಯೆ ಮತ್ತು ಪ್ರೆಸ್ಟನ್ ಎಂಬ ವಿಜ್ಞಾನಿಗಳು, ಒಬ್ಬರಿಗೊಬ್ಬರು ಗೊತ್ತಿಲ್ಲದೆ, ಎಕ್ಸ್‌ರೇಯಲ್ಲಿ ಇವುಗಳ ಸುಳಿವು ಹಿಡಿದರು.

ನನ್ನನ್ನು ಹಿಡಿದು ಕೂರಿಸಿದ್ದು ಮಾತ್ರ ಐಸ್ ಡಬ್ಬಿ! ತಣಿಸಿದ ರಿವೆಟ್‌ಗಳನ್ನು ಕೂಡಲೇ ಸೊನ್ನೆಗಿಂತ ಕೆಳಗಿನ ಚಳಿಯಲ್ಲಿ ಇಡುತ್ತಿದ್ದರಂತೆ. ಚಳಿಗೆ ಪರಮಾಣು ಅಷ್ಟಾಗಿ ಕದಲುವುದಿಲ್ಲ, ಲೋಹದ ಗಡಿಯಾರವೇ ನಿಂತಂತೆ. ಹೊರತೆಗೆದರೆ ಕಾಲು ಗಂಟೆಯೊಳಗೆ ಹೊಡೆದು ಮುಗಿಸಬೇಕು. ಹುಡುಗರು ಹಿಡಿಯಷ್ಟೇ ತಂದು ಓಡೋಡಿ ಬಂದು ಕೊಡುತ್ತಿದ್ದರಂತೆ. ಮೆತ್ತಗಿರುವಾಗ ತಲೆ ಅರಳುತ್ತದೆ, ಆಮೇಲೆ ವಿಮಾನದ ರೆಕ್ಕೆಯಲ್ಲೇ ಕೂತು ಗಟ್ಟಿಯಾಗುತ್ತದೆ. ಫ್ರಿಜ್ಜಿನಿಂದ ತೆಗೆದು ಹೊಡೆಯುವ ಲೋಹ! ಇಷ್ಟು ಚೆಂದದ ಸಂಗತಿ ನಮ್ಮ ಶಾಲೆಯ ಪುಸ್ತಕದಲ್ಲಿ ಯಾಕೆ ಇರಲಿಲ್ಲವೋ.

ಹಾಗಾದರೆ ಕಾಯಿಸಿದಷ್ಟೂ, ಕಾದಷ್ಟೂ ಗಟ್ಟಿಯೇ? ಹಿರಿಯರು ಎದುರಿನ ಹೊಲ ತೋರಿಸಿದರು. “ಸಣ್ಣ ಕಲ್ಲು ಹೊಲದ ತುಂಬ ಇದ್ದರೆ ಕುಂಟೆ ಹೆಜ್ಜೆಹೆಜ್ಜೆಗೂ ನಿಲ್ಲುತ್ತೆ. ಅವನ್ನೇ ಆರಿಸಿ ನಾಲ್ಕು ಕಡೆ ಗುಡ್ಡೆ ಹಾಕಿ, ಕುಂಟೆ ಸುತ್ತಿ ಹೋಗಿಬಿಡುತ್ತೆ.” ಕಲ್ಲಿನ ಲೆಕ್ಕ ಅಷ್ಟೇ, ಹರಡಿದ ರೀತಿ ಬೇರೆ. ತಣಿಸಿದ ಮೇಲೆ ಮತ್ತೆ ಅತಿ ಬಿಸಿ ಕೊಟ್ಟರೆ ತಾಮ್ರದ ಕಣಗಳು ಹೀಗೇ ದೊಡ್ಡ ಗುಡ್ಡೆಗಳಾಗಿ, ನಡುವೆ ದಾರಿ ಬಿಟ್ಟು, ಲೋಹ ಮತ್ತೆ ಮೆತ್ತಗಾಗುತ್ತದೆ.

ರೈಟ್ ಸಹೋದರರ 1903ರ ಎಂಜಿನ್ನಿನ ಕವಚವೂ ತಾಮ್ರ ಬೆರೆತ ಅಲ್ಯೂಮಿನಿಯಮ್ಮೇ. 1994ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಅದರೊಳಗೂ ಇಂಥ ಸೂಕ್ಷ್ಮ ಗುಂಪುಗಳು ಕಂಡವು. ವಿಲ್ಮ್‌ಗಿಂತ ಮೂರು ವರ್ಷ ಮೊದಲೇ, ಯಾರಿಗೂ ತಿಳಿಯದೆ, ಈ ವಿದ್ಯೆ ಹಾರಿತ್ತು.

ಬೈಕಿನ ಬೆಂಡಾದ ಅಲಾಯ್ ಚಕ್ರವನ್ನು ಗ್ಯಾಸ್ ಬೆಂಕಿಯಲ್ಲಿ ಕಾಯಿಸಿ ನೆಟ್ಟಗೆ ಮಾಡುವ ಕೆಲಸದ ಮೇಲೆ ನನಗೆ ಮೊದಲೂ ನಂಬಿಕೆ ಇರಲಿಲ್ಲ. ಈಗ ಕಾರಣವೂ ಸಿಕ್ಕಿತು. ಅದರ ಅಲ್ಯೂಮಿನಿಯಂನಲ್ಲಿ ತಾಮ್ರದ ಬದಲು ಬೆರೆತಿರುವುದು ಸಿಲಿಕಾನ್, ಮೆಗ್ನೀಸಿಯಂ. ಸೂತ್ರ ಮಾತ್ರ ಇದೇ. ಆಕಾರ ಮರಳುತ್ತದೆ, ಕಾರ್ಖಾನೆಯಲ್ಲಿ ಅಳೆದು ಕೊಟ್ಟ ಬಿಸಿಯ ಫಲ ಮರಳುವುದಿಲ್ಲ.

ಹೊರಡುವಾಗ ನೋಡಿದೆ, ಮೊಮ್ಮಗನ ಬೈಕಿನ ಸೊಟ್ಟ ಚಕ್ರವನ್ನು ಕೊಟ್ಟಿಗೆಯ ಗೂಟಕ್ಕೆ ನೇತುಹಾಕಿದ್ದರು. ಹುಡುಗ ಎಷ್ಟು ಹಟ ಹಿಡಿದರೂ ಬೆಂಕಿಗೆ ಕೊಡದೆ, ಹೊಸದನ್ನೇ ಕೊಡಿಸಿದ್ದಾರೆ.