ಭೂಗೋಳದ ಮೇಲೊಂದು ದಾರ

ಬೆಂಗಳೂರಿನಿಂದ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರಕ್ಕೆ ಎಷ್ಟು ದೂರವೆಂದು ಕೇಳಿದರೆ ಗಣಿತಜ್ಞನು ಎಂದಿಗೂ ಒಂದೇ ಉತ್ತರವನ್ನು ಕೊಡುವನು. ಎಷ್ಟು ಹೊತ್ತಿನ ಪ್ರಯಾಣವೆಂದು ಕೇಳಿದರೆ ವೈಮಾನಿಕನು ಮೊದಲು ಆ ದಿನದ ಗಾಳಿಯ ವರ್ತಮಾನವನ್ನು ವಿಚಾರಿಸುವನು. ದೂರವು ಭೂಮಿಯ ಆಕಾರಕ್ಕೆ ಸೇರಿದ್ದು, ಕಾಲವು ವಾಯುಮಂಡಲದ ಚಲನೆಗೆ ಸೇರಿದ್ದು.

ಗೋಡೆಗೆ ತೂಗುಹಾಕಿದ ಭೂಪಟದಲ್ಲಿ ಈ ಎರಡು ಊರುಗಳ ನಡುವೆ ಶಾಂತಸಾಗರವನ್ನು ಹಾಯ್ದು ನೇರವಾದ ಗೆರೆಯೆಳೆದರೆ ಆ ಮಾರ್ಗವು 16,000 ಕಿಲೋಮೀಟರುಗಳನ್ನು ಮೀರುತ್ತದೆ. ಆದರೆ ಮಕ್ಕಳು ಓದಿನ ಮೇಜಿನ ಮೇಲಿಟ್ಟುಕೊಳ್ಳುವ ಗೋಳವೊಂದನ್ನು ತೆಗೆದುಕೊಂಡು, ಹೂ ಕಟ್ಟುವ ದಾರದ ಒಂದು ತುದಿಯನ್ನು ಬೆಂಗಳೂರಿನ ಮೇಲೂ ಇನ್ನೊಂದನ್ನು ಸ್ಯಾನ್ ಫ್ರಾನ್ಸಿಸ್ಕೋದ ಮೇಲೂ ಒತ್ತಿಹಿಡಿದು ಬಿಗಿಯಾಗಿ ಜಗ್ಗಿದರೆ, ಅದು ತಾನಾಗಿಯೇ ಉತ್ತರಕ್ಕೆ ಸರಿದು, ಹಿಮಾಲಯ, ಟಿಬೆಟ್, ಮಂಗೋಲಿಯ, ಸೈಬೀರಿಯಗಳನ್ನು ಏರಿ, ಅಲಾಸ್ಕದ ಮೇಲೆ ಇಳಿದುಬರುವುದು. ಈ ಮಾರ್ಗದ ಉದ್ದ ಸುಮಾರು 14,000 ಕಿಲೋಮೀಟರು ಮಾತ್ರ. ಸಮಭಾಜಕ ವೃತ್ತದ ಮೇಲೆ 111 ಕಿಲೋಮೀಟರಿರುವ ಒಂದು ರೇಖಾಂಶದ ಅಗಲವು 60ನೆಯ ಅಕ್ಷಾಂಶದಲ್ಲಿ ಅದರ ಅರ್ಧಕ್ಕಿಳಿದು ಧ್ರುವದಲ್ಲಿ ಶೂನ್ಯವಾಗುವುದರಿಂದ, ಉತ್ತರಕ್ಕೆ ಹೋದಷ್ಟೂ ಭೂಮಿಯನ್ನು ಬಳಸುವ ಸುತ್ತು ಕಿರಿದಾಗುತ್ತದೆ.

ಗಂಟೆಗೆ 900 ಕಿಲೋಮೀಟರು ಹಾರುವ ವಿಮಾನಕ್ಕೆ ಈ ದೂರ ಹದಿನೈದೂವರೆ ಗಂಟೆಯ ಕೆಲಸವೆಂದು ಭಾಗಾಕಾರ ಹೇಳುತ್ತದೆ. ಆದರೆ ಆ ವೇಗವು ಗಾಳಿಯನ್ನು ಕುರಿತದ್ದೇ ಹೊರತು ನೆಲವನ್ನು ಕುರಿತದ್ದಲ್ಲ. ತುಂಬಿದ ಹೊಳೆಯಲ್ಲಿ ಹರಿಗೋಲು ಹಾಕುವ ಅಂಬಿಗನು ಎದುರು ದಡಕ್ಕೆ ನೇರವಾಗಿ ಹುಟ್ಟುಹಾಕದೆ, ದಡದಂಚಿನಲ್ಲೇ ಮೇಲಕ್ಕೆ ಸಾಗಿ, ಆಮೇಲೆ ನೀರಿನ ಸೆಳವಿಗೆ ದೋಣಿಯನ್ನೊಪ್ಪಿಸುವನಷ್ಟೆ. ವೈಮಾನಿಕನ ಹೊಳೆಯು ನೆಲದಿಂದ ಸುಮಾರು ಹತ್ತು ಕಿಲೋಮೀಟರು ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಹರಿಯುವ ಜೆಟ್ ಪ್ರವಾಹ. ಉಷ್ಣವಲಯಕ್ಕೂ ಧ್ರುವಕ್ಕೂ ಇರುವ ತಾಪದ ಅಂತರದಿಂದ ಹುಟ್ಟಿ, ಭೂಮಿಯ ಆವರ್ತನದಿಂದ ಪೂರ್ವಕ್ಕೆ ತಿರುಗುವ ಈ ಗಾಳಿ ಕೆಲವೊಮ್ಮೆ ಗಂಟೆಗೆ 300 ಕಿಲೋಮೀಟರನ್ನೂ ಮೀರುತ್ತದೆ. ದಾರಿಯುದ್ದಕ್ಕೂ 100 ಕಿಲೋಮೀಟರು ವೇಗದ ಗಾಳಿ ಹಿಂದಿನಿಂದ ನೂಕಿದರೆ ಹದಿನಾಲ್ಕು ಗಂಟೆ, ಎದುರಿಗೆ ಬಂದರೆ ಹದಿನೇಳೂವರೆ. ದೂರ ಅದೇ, ಕಾಲದಲ್ಲಿ ಮೂರೂವರೆ ಗಂಟೆಯ ಅಂತರ.

2021ರ ಜನವರಿ 9ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟ ಏರ್ ಇಂಡಿಯಾದ ಬೋಯಿಂಗ್ 777, ಮಹಿಳೆಯರೇ ನಡೆಸಿದ ಆ ಮೊದಲ ನೇರ ಯಾನದಲ್ಲಿ, ಉತ್ತರ ಧ್ರುವಪ್ರದೇಶವನ್ನು ಹಾಯ್ದು 11ರ ನಸುಕಿನಲ್ಲಿ ಬೆಂಗಳೂರಿಗಿಳಿಯಿತು. ಧ್ರುವಬಿಂದುವನ್ನೇ ಮುಟ್ಟಿ ಬಂದರೂ ದಾರಿ 400 ಕಿಲೋಮೀಟರಿಗಿಂತ ಕಡಿಮೆಯೇ ಹೆಚ್ಚಾಗುವುದು; ಶಾಂತಸಾಗರದ ಮೇಲಣ ಎದುರುಗಾಳಿ ತಪ್ಪುವುದಾದರೆ ಆ ಬಳಸುದಾರಿಯೇ ಹತ್ತಿರದ ದಾರಿ. ಹಾರಾಟ ಹದಿನೇಳು ಗಂಟೆಯಷ್ಟಾದರೂ, ಎರಡು ಊರುಗಳ ಗಡಿಯಾರಗಳಿಗೆ ಹದಿಮೂರೂವರೆ ಗಂಟೆಯ ವ್ಯತ್ಯಾಸವಿದ್ದುದರಿಂದ, ಪ್ರಯಾಣಿಕರ ಪಾಲಿಗೆ ಜನವರಿ 10 ಬಹುಮಟ್ಟಿಗೆ ಆಕಾಶದಲ್ಲೇ ಕಳೆಯಿತು.

ದೂರದೇಶದಿಂದ ಬರುವ ಮಗಳಿಗಾಗಿ ನಿಲ್ದಾಣದಲ್ಲಿ ಕಾದು ನಿಂತ ತಾಯಿಗೆ, ವಿಮಾನ ಅರ್ಧ ಗಂಟೆ ಮೊದಲೇ ಇಳಿದುದು ದೈವಕೃಪೆಯಂತೆ ತೋರಬಹುದು. ಅಲಾಸ್ಕದ ಆಚೆ ಎಲ್ಲಿಯೋ, ಅವಳು ಕಾಣದ ಹೊಳೆಯೊಂದರಲ್ಲಿ, ಅಂಬಿಗನು ಸೆಳವನ್ನು ಸರಿಯಾಗಿ ಅಂದಾಜು ಮಾಡಿರುತ್ತಾನೆ.