ತಡವಾಗಿ ಆರುವ ದೀಪ: ಉರಿಗಾಂ ತರಗತಿಯ ಒಂದು ಪಾಠ

ಉರಿಗಾಂನ ಪ್ರೌಢಶಾಲೆಯೊಂದರಲ್ಲಿ ಅಭ್ಯಾಸ ಬೋಧನೆಗೆಂದು ಹತ್ತನೇ ತರಗತಿಗೆ ವಿದ್ಯುತ್ ಮಂಡಲದ ಪಾಠ ಮಾಡುತ್ತಿದ್ದೆ. ಸ್ವಿಚ್ ಮುಚ್ಚಿದರೆ ದೀಪ ಹೊತ್ತುತ್ತದೆ, ತೆರೆದರೆ ಆರುತ್ತದೆ ಎಂದೆ. ಒಬ್ಬ ವಿದ್ಯಾರ್ಥಿನಿ ಎದ್ದು, “ಸರ್, ನಮ್ಮಪ್ಪನ ಹೊಸ ಬೈಕಿನ ಹೆಡ್‌ಲೈಟ್ ಹಗಲಲ್ಲೂ ಉರಿಯುತ್ತೆ. ಮಾವನ ಕಾರಿನ ಲೈಟು ಬೀಗ ಹಾಕಿದ ಮೇಲೂ ಸ್ವಲ್ಪ ಹೊತ್ತು ಉರಿದು ಆರುತ್ತೆ. ಯಾಕೆ?” ಎಂದಳು.

“ಬೈಕಿನ ಸ್ವಿಚ್ ಕೆಟ್ಟಿರಬೇಕು” ಎಂದುಬಿಟ್ಟೆ. ಮರುದಿನ ಅವಳು ಹೇಳಿದಳು: “ಅಪ್ಪ ಮೆಕ್ಯಾನಿಕ್ ಹತ್ರ ವೈರ್ ತೆಗೆಸ್ತೀನಿ ಅಂತಿದ್ದಾರೆ.” ಬೆಂಗಳೂರಿನ ರೈಲು ಹಿಡಿಯಲು ಆತ ನಸುಕಿನಲ್ಲೇ ಸ್ಟೇಷನ್ನಿಗೆ ಬೈಕಿನಲ್ಲಿ ಹೋಗುವವರು. ನನ್ನ ತಪ್ಪು ಉತ್ತರ ಅವರ ಮನೆಯವರೆಗೂ ತಲುಪಿತ್ತು.

ಅಂದೇ ತರಗತಿಯಲ್ಲಿ ತಪ್ಪು ಒಪ್ಪಿಕೊಂಡು, ಕಪ್ಪುಹಲಗೆಯ ಮೇಲೆ ಮೂರು ಸಾಲು ಬರೆದೆ.

1. ಸದಾ ಉರಿಯುವುದು: 2017ರ ಏಪ್ರಿಲ್ 1ರಿಂದ ತಯಾರಾದ ದ್ವಿಚಕ್ರ ವಾಹನಗಳಲ್ಲಿ ಎಂಜಿನ್ ಓಡುವಾಗ ಹೆಡ್‌ಲೈಟ್ ತಾನಾಗಿ ಉರಿಯಬೇಕು. ಎದುರಿನವರಿಗೆ ನಾವು ಕಾಣಿಸಲೆಂದೇ ಈ ನಿಯಮ.
2. ಬೆಳಕು ನೋಡಿ ಉರಿಯುವುದು: ಕತ್ತಲಾದಾಗ ಬೆಳಕು-ಸಂವೇದಿ ರೋಧಕದ ರೋಧ ಹೆಚ್ಚುತ್ತದೆ, ಆ ಬದಲಾವಣೆಯೇ ದೀಪವನ್ನು ಹೊತ್ತಿಸುತ್ತದೆ.
3. ತಡವಾಗಿ ಆರುವುದು: ಕಾಲವನ್ನು ಅಳೆಯುವ ಭಾಗ ಬೇಕು.

ಮೂರನೆಯದನ್ನು ಮಾಡಿಯೇ ತೋರಿಸಿದೆ. 12 ವೋಲ್ಟ್ ಬ್ಯಾಟರಿ, ಫ್ಯೂಸ್, ಸಣ್ಣ ಬಲ್ಬು, ಅದನ್ನು ಹೊತ್ತಿಸಿ ಆರಿಸಲು ಮಾಸ್‌ಫೆಟ್, ಅದರ ಗೇಟಿಗೆ 1000 ಮೈಕ್ರೋಫ್ಯಾರಡ್ ಕೆಪಾಸಿಟರ್, ಕೆಪಾಸಿಟರಿಗೆ ಸಮಾಂತರವಾಗಿ 22 ಕಿಲೋಓಮ್ ರೋಧಕ. ಗುಂಡಿ ಒತ್ತಿದರೆ ಕೆಪಾಸಿಟರ್ ತುಂಬುತ್ತದೆ. ಬಿಟ್ಟರೆ, ತೂತುಬಿದ್ದ ಕೊಡದ ನೀರಿನಂತೆ, ಆವೇಶ ರೋಧಕದ ಮೂಲಕ ಸೋರುತ್ತದೆ. ಎರಡೂ ಬೆಲೆಗಳ ಗುಣಲಬ್ಧ 22 ಸೆಕೆಂಡ್. ಅಷ್ಟರಲ್ಲಿ ವಿಭವಾಂತರ ಸುಮಾರು 4.4 ವೋಲ್ಟಿಗೆ ಇಳಿಯುತ್ತದೆ. ಮಾಸ್‌ಫೆಟ್ ಸುಮಾರು 3 ವೋಲ್ಟಿನಲ್ಲಿ ಮುಚ್ಚಿಕೊಂಡರೆ, ದೀಪ 30 ಸೆಕೆಂಡಿನ ಆಸುಪಾಸಿನಲ್ಲಿ ಆರಬೇಕು.

ಮಕ್ಕಳು ಗಡಿಯಾರ ಹಿಡಿದು ಎಣಿಸಿದರು: 34 ಸೆಕೆಂಡ್. “ಲೆಕ್ಕ ತಪ್ಪಾ ಸರ್?” ಈ ಸಲ ಅವಸರಪಡಲಿಲ್ಲ. ಕೆಪಾಸಿಟರಿನ ಮೇಲೆ ಬರೆದ ಬೆಲೆಗೂ ನಿಜ ಬೆಲೆಗೂ ಶೇ. 20ರವರೆಗೆ ವ್ಯತ್ಯಾಸವಿರಬಹುದು, ಮಾಸ್‌ಫೆಟ್ ಮುಚ್ಚುವ ಹಂತವೂ ಒಂದೊಂದರಲ್ಲಿ ಒಂದೊಂದು ಎಂದು ವಿವರಿಸಿದೆ. ರೋಧಕವನ್ನು 47 ಕಿಲೋಓಮಿಗೆ ಬದಲಿಸುವ ಮುನ್ನ ಅವರಿಂದಲೇ ಊಹೆ ಬರೆಸಿದೆ. ಬಹುತೇಕರು “ದುಪ್ಪಟ್ಟಿಗಿಂತ ಸ್ವಲ್ಪ ಹೆಚ್ಚು” ಎಂದು ಸರಿಯಾಗಿಯೇ ಬರೆದಿದ್ದರು.

ಬೈಕಿನ ವೈರು ತೆಗೆಸಲಿಲ್ಲವೆಂದು ಆ ಹುಡುಗಿ ಮರುವಾರ ಹೇಳಿದಳು. ಪ್ರಶಿಕ್ಷಣಾರ್ಥಿ ಮಿತ್ರರಿಗೆ ನನ್ನ ಸಲಹೆ ಇಷ್ಟೇ: ಗೊತ್ತಿಲ್ಲದ ಪ್ರಶ್ನೆಗೆ “ನಾಳೆ ನೋಡಿ ಹೇಳುತ್ತೇನೆ” ಎನ್ನಿ. ಉತ್ತರವೂ ಆ ದೀಪದಂತೆ ತುಸು ತಡವಾದರೆ ನಷ್ಟವಿಲ್ಲ.